ಕ್ಯಾಶುವಲ್ಟಿಗೆ ಯಾರು, ಯಾವ ಹೊತ್ತಿಗೆ, ಯಾಕೆ ಬರ್ತಾರೆ? ಗಡಿಯ ಬೋಧನಾ ಆಸ್ಪತ್ರೆಯ ಒಂದು ವರ್ಷದ ರಿಜಿಸ್ಟರ್ ಓದುವ ಬಗ್ಗೆ

ವರ್ಕಾಡಿ ಪಬ್ಲಿಕ್ ಹೆಲ್ತ್

ಕರ್ನಾಟಕ–ಕೇರಳದ ತಲಪಾಡಿ ಗಡಿಗೆ ಹತ್ತಿರದ ಒಂದು ಬೋಧನಾ ಆಸ್ಪತ್ರೆಯ ತುರ್ತು ವಿಭಾಗದ (ಕ್ಯಾಶುವಲ್ಟಿಯ) ಒಂದು ವರ್ಷದ ದಾಖಲೆ ವಿಶ್ಲೇಷಣೆಗೆ ಸಿಗಲಿದೆ. ಅಲ್ಲಿಗೆ ಮಂಜೇಶ್ವರ, ಕಾಸರಗೋಡು ತಾಲೂಕಿನಿಂದ ತುಂಬ ಜನ ಹೋಗುತ್ತಾರೆ. ಆಡಳಿತದವರಿಗೆ ಬೇಕಾದದ್ದು ಒಂದೇ ಲೆಕ್ಕ: ಶೀತ, ಜ್ವರ, ಮೈಕೈ ನೋವು ಅಂತ ಸುಮ್ಮನೆ ಬರುವವರು ಎಷ್ಟು ಮಂದಿ?

ಯೋಜನೆ ಹೀಗಿದೆ. ಪ್ರತಿ ಏಳನೇ ದಿನದ ಕೇಸುಗಳನ್ನು ತೆಗೆಯುವುದು. ಕೊನೆಗೆ ಬರೆದ ರೋಗನಿರ್ಣಯದ ಐಸಿಡಿ ಕೋಡ್ (ಕಾಯಿಲೆಗಳಿಗೆ ಇರುವ ಅಂತರರಾಷ್ಟ್ರೀಯ ಸಂಕೇತ) ನೋಡಿ "ತುರ್ತು", "ತುರ್ತಲ್ಲದ್ದು" ಎಂದು ಎರಡು ಭಾಗ ಮಾಡುವುದು. ಕಾದ ಸಮಯದ ಸರಾಸರಿ, ತಿಂಗಳುವಾರು ಸಂಖ್ಯೆ, ಊರುವಾರು ಸಂಖ್ಯೆ ಕೊಡುವುದು. ಇದರಲ್ಲಿ ಎಲ್ಲಿ ತಪ್ಪುತ್ತದೆ ಎಂದು ತಿಳಿದವರು ಹೇಳಿ.

ಎಮರ್ಜೆನ್ಸಿ ಮೆಡಿಸಿನ್, ಉಪ್ಪಳ

ಮೊದಲು ತಪ್ಪುವುದು ಎರಡು ಭಾಗ ಮಾಡುವಲ್ಲಿ. ರೋಗಿ ಬರುವಾಗ ಕೈಯಲ್ಲಿ ರೋಗನಿರ್ಣಯ ಹಿಡಿದುಕೊಂಡು ಬರುವುದಿಲ್ಲ, ತೊಂದರೆ ಹೇಳಿಕೊಂಡು ಬರುತ್ತಾನೆ. ಐವತ್ತೈದು ವರ್ಷದವರು "ಎದೆ ಉರಿ, ಗ್ಯಾಸ್" ಅಂತ ರಾತ್ರಿ ಹನ್ನೊಂದಕ್ಕೆ ಬರುತ್ತಾರೆ. ಇಸಿಜಿ ಎರಡು ಸಲ, ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ನೋಡುವ ಟ್ರೋಪೋನಿನ್ ರಕ್ತಪರೀಕ್ಷೆ ಎರಡು ಸಲ ಆಗಿ ಎಲ್ಲ ಸರಿ ಇದ್ದರೆ ಹಾಳೆಯಲ್ಲಿ "ಅಸಿಡಿಟಿ" ಎಂದು ಬರೆದು ಕಳಿಸುತ್ತಾರೆ. ನಿಮ್ಮ ಲೆಕ್ಕದಲ್ಲಿ ಅವರು "ಸುಮ್ಮನೆ ಬಂದವರು" ಆಗಿಬಿಡುತ್ತಾರೆ. ಅದೇ ಮಾತು ಹೇಳಿಕೊಂಡು ಬಂದ ಪಕ್ಕದ ಬೆಡ್ಡಿನವರಿಗೆ ಹೃದಯಾಘಾತ ಆಗಿರುತ್ತದೆ.

ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಅಳೆಯಿತು. ರೋಗನಿರ್ಣಯದ ಪ್ರಕಾರ ಪ್ರಾಥಮಿಕ ಕೇಂದ್ರದಲ್ಲೇ ಮುಗಿಯಬಹುದಿತ್ತು ಎನ್ನುವ ಭೇಟಿಗಳು 6.3 ಶೇಕಡಾ ಮಾತ್ರ. ಆದರೆ ಆ ಭೇಟಿಗಳಲ್ಲಿ ರೋಗಿಗಳು ಬರುವಾಗ ಹೇಳಿದ ತೊಂದರೆಗಳನ್ನೇ ಒಟ್ಟು ಭೇಟಿಗಳ 88.7 ಶೇಕಡಾದಲ್ಲೂ ಹೇಳಲಾಗಿತ್ತು. ಅಂದರೆ ಬಾಗಿಲಲ್ಲಿ ನಿಂತು ಅವರನ್ನು ಬೇರ್ಪಡಿಸುವ ದಾರಿಯೇ ಇಲ್ಲ.

ಆದ್ದರಿಂದ ವರ್ಗೀಕರಣ ಬೇಕಾದರೆ ಮೂರು ಸಂಗತಿ ಒಟ್ಟಿಗೆ ತೆಗೆದುಕೊಳ್ಳಿ: ಬರುವಾಗ ಹೇಳಿದ ತೊಂದರೆ, ಟ್ರಯಾಜ್‌ನಲ್ಲಿ ಕೊಟ್ಟ ಬಣ್ಣ (ರೋಗಿ ಬಂದ ಕೂಡಲೇ ತುರ್ತು ಎಷ್ಟು ಎಂದು ನೋಡಿ ವಿಂಗಡಿಸುವುದೇ ಟ್ರಯಾಜ್; ಕೆಂಪು ಅತಿ ತುರ್ತು, ಹಸಿರು ಸಣ್ಣ ತೊಂದರೆ), ಆ ಹೊತ್ತಿನ ನಾಡಿ–ಉಸಿರು–ಬಿಪಿ–ಆಕ್ಸಿಜನ್ ಅಂಕಿ. ರೋಗನಿರ್ಣಯದ ಕೋಡ್ ಕೊನೆಯ ಕಾಲಂನಲ್ಲಿರಲಿ. ಎದೆನೋವು R07.4, ಜ್ವರ R50.9 ಎಂಬ ಕೋಡುಗಳು ರಾಶಿ ಬೀಳುತ್ತವೆ, ಅವನ್ನು "ಸಣ್ಣ ಕಾಯಿಲೆ" ಎಂದು ಓದಬೇಡಿ. ಕಾರಣ ಇನ್ನೂ ಗೊತ್ತಾಗಿಲ್ಲ ಎಂದಷ್ಟೇ ಅವುಗಳ ಅರ್ಥ.

ಅಂಕಿಅಂಶ, ಪೆರ್ಲ

ಪ್ರತಿ ಏಳನೇ ದಿನ ಬೇಡವೇ ಬೇಡ. ಮೊದಲ ದಿನ ಆದಿತ್ಯವಾರ ಬಿದ್ದರೆ ವರ್ಷವಿಡೀ ಆದಿತ್ಯವಾರವೇ ಸಿಗುತ್ತದೆ. ವಾರದ ಏರಿಳಿತ ನೋಡಬೇಕಾದ ಕೆಲಸದಲ್ಲಿ ವಾರವನ್ನೇ ಅಳಿಸಿ ಹಾಕಿದ ಹಾಗೆ. ವಾರಕ್ಕೆ 7 ದಿನ, ದಿನಕ್ಕೆ 24 ಗಂಟೆ: 168 ಚೌಕದ ಒಂದು ಕೋಷ್ಟಕ ಮಾಡಿ, ವರ್ಷದ ಎಲ್ಲ ಕೇಸುಗಳನ್ನೂ ಅದರಲ್ಲಿ ತುಂಬಿ. ಸೋಮವಾರ ಬೆಳಿಗ್ಗೆ 10ರಿಂದ 1ರವರೆಗಿನ ಚೌಕಗಳು ದಟ್ಟವಾಗಿ, ಬೆಳಗಿನ ಜಾವ 3ರಿಂದ 5ರವು ತಿಳಿಯಾಗಿ ಕಾಣುವುದು ಸಾಮಾನ್ಯ. ಸಂಜೆ ಹೊತ್ತು ಇನ್ನೊಂದು ಏರು ಬರುತ್ತದೆ.

ಸರಾಸರಿಯೂ ಬೇಡ. ಕಾದ ಸಮಯದಲ್ಲಿ ಹತ್ತು ಮಂದಿ 20 ನಿಮಿಷ, ಒಬ್ಬರು 14 ಗಂಟೆ ಕಾದಿರುತ್ತಾರೆ. ಮಧ್ಯದವರು ಎಷ್ಟು ಕಾದರು, ನೂರರಲ್ಲಿ ತೊಂಬತ್ತನೆಯವರು ಎಷ್ಟು ಕಾದರು, ಈ ಎರಡು ಅಂಕಿ ಕೊಡಿ.

ಮತ್ತೊಂದು. ಗಂಟೆಗೆ ಸರಾಸರಿ 6 ಮಂದಿ ಬರುವ ಹೊತ್ತಿನಲ್ಲಿ, ಯಾವ ವಿಶೇಷ ಕಾರಣವೂ ಇಲ್ಲದೆ, 10ಕ್ಕಿಂತ ಹೆಚ್ಚು ಮಂದಿ ಬರುವ ಗಂಟೆ ನೂರರಲ್ಲಿ ನಾಲ್ಕು ಇರುತ್ತದೆ. ಅದು ಬರೀ ಪಾಯ್ಸಾನ್ ಲೆಕ್ಕ, ಅಂದರೆ ಆಕಸ್ಮಿಕ ಏರಿಳಿತದ ಲೆಕ್ಕ. ಒಂದು ಕೆಟ್ಟ ರಾತ್ರಿ ನೋಡಿ "ಜನ ಜಾಸ್ತಿಯಾಗಿದ್ದಾರೆ" ಎಂದು ತೀರ್ಮಾನಿಸಿದರೆ ತಪ್ಪುತ್ತದೆ. ಸರಾಸರಿಗೆ ಸರಿಯಾಗಿ ಸಿಬ್ಬಂದಿ ಹಾಕಿದರೂ ತಪ್ಪುತ್ತದೆ.

ಟ್ರಯಾಜ್ ಸಿಸ್ಟರ್, ಕುಂಬಳೆ

ಲೆಕ್ಕ ಸರಿ ಉಂಟು ಸರ್, ಆದ್ರೆ ರಿಜಿಸ್ಟರಿನ ಸಮಯವನ್ನೇ ನಂಬಿ ಕೂತರೆ ಕಷ್ಟ. ಆ ಹಾಳೆ ಹೇಗೆ ತುಂಬ್ತದೆ ಅಂತ ಮೊದಲು ನೋಡಿ.

"ಬಂದ ಸಮಯ" ಅಂತ ಕಂಪ್ಯೂಟರಿನಲ್ಲಿ ಇರುವುದು ಹೆಚ್ಚಿನ ಕಡೆ ಕೌಂಟರಿನಲ್ಲಿ ಚೀಟಿ ಮಾಡಿದ ಸಮಯ. ನಡೆದುಕೊಂಡು ಬಂದವರಿಗೆ ಚೀಟಿ ಮೊದಲು, ಡಾಕ್ಟರು ಆಮೇಲೆ. ಸ್ಟ್ರೆಚರಿನಲ್ಲಿ ಬಂದವರಿಗೆ ನೇರ ಒಳಗೆ, ಚೀಟಿ ಅರ್ಧ ಗಂಟೆ ಕಳೆದು ಬೈಸ್ಟ್ಯಾಂಡರ್ (ಜೊತೆಗೆ ಬಂದವರು) ಹೋಗಿ ಮಾಡಿಸುವುದು. ಹಾಗಾಗಿ ತುಂಬ ಸೀರಿಯಸ್ ಆದವರ ಕಾದ ಸಮಯ ಮೈನಸ್ 25 ನಿಮಿಷ ಅಂತ ಬರ್ತದೆ! ಅದನ್ನು "ತಪ್ಪು ಎಂಟ್ರಿ" ಅಂತ ಅಳಿಸಿದರೆ ಕೆಂಪು ಕೇಸುಗಳೇ ಅಳಿದು ಹೋಗ್ತವೆ. ಅವರಿಗೆ ಇಸಿಜಿ ಕಾಗದದಲ್ಲಿ ಮೆಷಿನ್ ಒತ್ತಿದ ಸಮಯವನ್ನೋ ಮೊದಲ ವೈಟಲ್ಸ್ (ನಾಡಿ, ಉಸಿರು, ಬಿಪಿ) ಬರೆದ ಸಮಯವನ್ನೋ ತೆಗೊಳ್ಳಿ.

ಕೈಬರಹದ ಸಮಯಗಳ ಕೊನೆಯ ಎರಡು ಅಂಕಿ ಮಾತ್ರ ಎಣಿಸಿ ನೋಡಿ. 00, 15, 30, 45 ರಾಶಿ ಬಿದ್ದಿದ್ದರೆ ಶಿಫ್ಟಿನ ಕೊನೆಗೆ ಕೂತು ಒಟ್ಟಿಗೆ ಬರೆದದ್ದು ಅಂತ ಅರ್ಥ. ರಾತ್ರಿ 12 ದಾಟಿದ ಕೇಸಿನಲ್ಲಿ ತಾರೀಕು ಬದಲಾಯಿಸ್ಲಿಕ್ಕೆ ಮರೆತಿರ್ತಾರೆ, ಆಗ ಉಳಿದ ಸಮಯ 24 ಗಂಟೆ ತಪ್ಪಿ ಬರ್ತದೆ.

ನಾಲ್ಕು ಸಮಯ ಇಲ್ಲದೆ ಕೆಲಸ ಆಗುವುದಿಲ್ಲ: ಬಾಗಿಲು ದಾಟಿದ್ದು, ಡಾಕ್ಟರು ಮೊದಲು ಮುಟ್ಟಿದ್ದು, "ಅಡ್ಮಿಟ್" ಅಥವಾ "ಮನೆಗೆ" ಅಂತ ತೀರ್ಮಾನ ಬರೆದದ್ದು, ನಿಜವಾಗಿ ಬೆಡ್ ಖಾಲಿ ಆದದ್ದು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವಿನ ಅಂತರ ಯಾರೂ ನೋಡುವುದಿಲ್ಲ. ಕ್ಯಾಶುವಲ್ಟಿ ತುಂಬುವುದು ಅಲ್ಲೇ.

ಬಣ್ಣದ ವಿಷಯ: ಯಾರು ಕೊಟ್ಟದ್ದು ಅಂತಲೂ ಒಂದು ಕಾಲಂ ಇರಲಿ. ಹೌಸ್ ಸರ್ಜನ್‌ಗಳಿಗೆ (ತರಬೇತಿಯಲ್ಲಿರುವ ಹೊಸ ಡಾಕ್ಟರುಗಳಿಗೆ) ಕ್ಯಾಶುವಲ್ಟಿ ಪೋಸ್ಟಿಂಗ್ ಎರಡು ವಾರ. ಫಾರಂ ಎಲ್ಲಿ ಉಂಟು ಅಂತ ಗೊತ್ತಾಗುವಾಗ ಹೋಗುವ ದಿನ ಬರ್ತದೆ. ಖಾಯಂ ನರ್ಸ್ ಕೊಟ್ಟ ಬಣ್ಣಕ್ಕೂ ಅವರು ಕೊಟ್ಟದ್ದಕ್ಕೂ ವ್ಯತ್ಯಾಸ ಕಾಣ್ತದೆ, ಬೇರೆ ಬೇರೆ ಮಾಡಿ ನೋಡಿ.

ವರ್ಕಾಡಿ ಪಬ್ಲಿಕ್ ಹೆಲ್ತ್

ಸಿಸ್ಟರ್, ಮೂರು ಮತ್ತು ನಾಲ್ಕರ ನಡುವಿನ ಅಂತರ ಅಷ್ಟು ಮುಖ್ಯವೇ? ಆಡಳಿತದವರ ಗಮನ ಪೂರ್ತಿ ಹಸಿರು ಕೇಸುಗಳ ಮೇಲಿದೆ.

ಅಂಕಿಅಂಶ, ಪೆರ್ಲ

ಹೌದು, ಅದೇ ಮುಖ್ಯ. ಲಿಟಲ್‌ನ ನಿಯಮ ಎಂಬ ಸೂತ್ರ 1961ರಿಂದ ಸಾಬೀತಾಗಿದೆ: ಒಳಗಿರುವ ಜನ = ಗಂಟೆಗೆ ಬರುವವರು × ಪ್ರತಿಯೊಬ್ಬರು ಉಳಿಯುವ ಗಂಟೆ. ನಿಮ್ಮ ಆಡಳಿತದವರಿಗೆ ಒಂದು ಕಲ್ಪಿತ ಉದಾಹರಣೆ ಹಾಕಿ ತೋರಿಸಿ.

ಗಂಟೆಗೆ 5 ಮಂದಿ ಬರುತ್ತಾರೆ ಎಂದಿಟ್ಟುಕೊಳ್ಳಿ. ಅದರಲ್ಲಿ 2 ಹಸಿರು, ತಲಾ 45 ನಿಮಿಷ. ಅವರಿಗೆ ಬೇಕಾದ ಜಾಗ ಒಂದೂವರೆ ಕುರ್ಚಿ. ಉಳಿದ 3 ಮಂದಿ ತಲಾ 4 ಗಂಟೆ, ಅಂದರೆ 12 ಬೆಡ್. ಆ ಮೂವರಲ್ಲಿ ಅರ್ಧ ಅಡ್ಮಿಟ್ ಆಗಿ, ವಾರ್ಡಿನಲ್ಲಿ ಬೆಡ್ ಸಿಗುವವರೆಗೆ ಇನ್ನೂ 6 ಗಂಟೆ ಕೆಳಗೇ ಉಳಿದರೆ ಮತ್ತೆ 9 ಬೆಡ್. ಒಟ್ಟು ಇಪ್ಪತ್ತೆರಡೂವರೆ. ಹಸಿರಿನವರನ್ನು ಒಬ್ಬರೂ ಬಿಡದೆ ವಾಪಸ್ ಕಳಿಸಿದರೆ ಉಳಿತಾಯ ಆಗುವುದು ಒಂದೂವರೆ ಜಾಗ. ವಾರ್ಡಿಗೆ ಕಾಯುವ 6 ಗಂಟೆಯನ್ನು 2ಕ್ಕೆ ಇಳಿಸಿದರೆ 6 ಬೆಡ್ ಉಳಿಯುತ್ತದೆ.

ಟ್ರಯಾಜ್ ಸಿಸ್ಟರ್, ಕುಂಬಳೆ

ಬೆಡ್ ಲೆಕ್ಕ ಒಪ್ಪಿದೆ. ಆದ್ರೆ ಹಸಿರಿನವರಿಂದ ಏನೂ ತೊಂದರೆ ಇಲ್ಲ ಅಂತ ಮಾತ್ರ ಬರೆಯಬೇಡಿ. ಅವರು ಬೆಡ್ ತಿನ್ನುವುದಿಲ್ಲ, ಟ್ರಯಾಜ್ ಮೇಜಿನ ಎದುರು ಕ್ಯೂ ಮಾಡ್ತಾರೆ. ಆ ಕ್ಯೂನಲ್ಲಿ ಏಳನೆಯವರಾಗಿ ಬೆವರುತ್ತಾ ನಿಂತವರಿಗೆ ಹಾರ್ಟ್ ಅಟ್ಯಾಕ್ ಆಗಿರಬಹುದು. ಎದೆನೋವಿನವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅಂತ ನಿಯಮ, ಆ 10 ನಿಮಿಷ ಕ್ಯೂನಲ್ಲೇ ಮುಗಿದು ಹೋಗ್ತದೆ. ಹಸಿರಿಗೆ ಬೇರೆ ಕೋಣೆ, ಒಬ್ಬ ಡಾಕ್ಟರು, ಒಬ್ಬ ನರ್ಸ್, ಡ್ರೆಸಿಂಗ್ ಟ್ರಾಲಿ, ಬೆಳಿಗ್ಗೆ 10ರಿಂದ ರಾತ್ರಿ 10. ಬೆಡ್ ಇಡಬಾರದು, ಕುರ್ಚಿ ಮಾತ್ರ. ಬೆಡ್ ಇಟ್ಟರೆ ಸಂಜೆಯೊಳಗೆ ಅಲ್ಲಿಗೂ ಯಾರಿಗಾದರೂ ಡ್ರಿಪ್ ಹಾಕಿ ಮಲಗಿಸ್ತಾರೆ.

ಭಾಷೆಯದ್ದೂ ಬರೆದುಕೊಳ್ಳಿ. ಒಂದೇ ನೋವನ್ನು ಒಬ್ಬರು "ತಿಗಲೆ ಬೇನೆ" ಅಂತಾರೆ, ಒಬ್ಬರು "ನೆಂಜು ವೇದನ", ಮತ್ತೊಬ್ಬರು "ಸಂಕಟ", ಇನ್ನೊಬ್ಬರು ಬರೀ "ಗ್ಯಾಸ್". ಕೌಂಟರಿನವರು ಅರ್ಥ ಆದದ್ದನ್ನು ಟೈಪ್ ಮಾಡ್ತಾರೆ. "ಗ್ಯಾಸ್" ಅಂತ ಹೊಟ್ಟೆಯ ಪಟ್ಟಿಗೆ ಹೋದವರನ್ನು 40 ವರ್ಷ ಮೇಲಿನವರಾದರೆ ಎದೆಯ ಪಟ್ಟಿಗೂ ಸೇರಿಸಿ ಒಮ್ಮೆ ಲೆಕ್ಕ ಮಾಡಿ.

ವಾರ್ಡ್ ಮ್ಯಾನೇಜರ್, ಹೊಸಂಗಡಿ

ವಾರ್ಡಿನ ಬೆಡ್ ಯಾಕೆ ಖಾಲಿ ಆಗುವುದಿಲ್ಲ ಅಂತ ನೋಡ್ಲಿಕ್ಕೆ ಒಂದು ಡಿಸ್ಚಾರ್ಜ್ ಫೈಲಿನ ಹಿಂದೆ ಹೋಗಿ. 9 ಗಂಟೆಗೆ ರೌಂಡ್ಸ್ ಶುರು. ಬೋಧನಾ ಆಸ್ಪತ್ರೆ ಆದ್ದರಿಂದ ಪ್ರತಿ ಬೆಡ್ಡಿನ ಹತ್ತಿರ ಪಾಠವೂ ಉಂಟು, ಹಿಂದಿನ ಬೆಡ್ಡುಗಳಿಗೆ ತಲುಪುವಾಗ 11. "ಇವತ್ತು ಮನೆಗೆ ಹೋಗಬಹುದು" ಅಂತ ಹೇಳಿದ ಮೇಲೆ ಹೌಸ್ ಸರ್ಜನ್ ಸಮ್ಮರಿ ಬರೆಯಬೇಕು, ಅಷ್ಟರಲ್ಲಿ ಅವರಿಗೆ ಓಪಿ ಅಥವಾ ತರಗತಿ. 1 ಗಂಟೆಗೆ ಬರೆದದ್ದು ಪಿಜಿ (ಸ್ನಾತಕೋತ್ತರ ಓದುವ ಡಾಕ್ಟರು) ತಿದ್ದಿ, ಟೈಪ್ ಆಗಿ, ಸಹಿ ಆಗುವಾಗ 2. ಆಮೇಲೆ ಉಳಿದ ಔಷಧಿ ಫಾರ್ಮಸಿಗೆ ವಾಪಸ್, ಲ್ಯಾಬ್ ಬಾಕಿ, ಬಿಲ್ಲು. ಇನ್ಶೂರೆನ್ಸ್ ಇದ್ದರೆ ಅಂತಿಮ ಒಪ್ಪಿಗೆಗೆ ಮತ್ತೆ ಕಾಯಬೇಕು. ಬೈಸ್ಟ್ಯಾಂಡರ್ ಪೈವಳಿಕೆಯಿಂದ ಜೀಪು ಮಾಡಿಕೊಂಡು ಬರುವಾಗ 5. ಬೆಡ್ ಕ್ಲೀನ್ ಆಗುವಾಗ 6.

ಕೆಳಗೆ ಜನ ಹೆಚ್ಚು ಬಂದದ್ದು 11ಕ್ಕೆ, ಮೇಲೆ ಬೆಡ್ ಖಾಲಿ ಆದದ್ದು 6ಕ್ಕೆ. ಈ 7 ಗಂಟೆ ಇಡೀ ಕ್ಯಾಶುವಲ್ಟಿಯ ಬೆನ್ನಿನ ಮೇಲೆ. ಮರುದಿನ ಹೋಗುವವರ ಸಮ್ಮರಿ ಹಿಂದಿನ ರಾತ್ರಿ ಡ್ಯೂಟಿಯವರು ಬರೆದಿಟ್ಟರೆ, ರೌಂಡ್ಸ್ ಡಿಸ್ಚಾರ್ಜ್ ಆಗುವವರಿಂದ ಶುರುವಾದರೆ ಎರಡು ಮೂರು ಗಂಟೆ ಕಡಿಮೆ ಆಗ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ. ನಿಮ್ಮ ದತ್ತಾಂಶದಲ್ಲಿ ವಾರ್ಡಿನಿಂದ ಹೊರಬಿದ್ದ ಗಂಟೆಯ ಗೆರೆಯನ್ನೂ ಕ್ಯಾಶುವಲ್ಟಿಗೆ ಬಂದ ಗಂಟೆಯ ಗೆರೆಯನ್ನೂ ಒಂದೇ ಚಿತ್ರದಲ್ಲಿ ಹಾಕಿ.

ರೆಫರಲ್ ಡೆಸ್ಕ್, ಬದಿಯಡ್ಕ

ಊರುವಾರು ಲೆಕ್ಕದ ಬಗ್ಗೆ ಬರೆಯುತ್ತೇನೆ, ಗಡಿನಾಡಿನ ಆಸ್ಪತ್ರೆಯ ಕತೆ ಬೇರೆಯೇ.

ಊರಿನ ಹೆಸರು ನಂಬಬೇಡಿ. ಒಂದೇ ಊರು ಮೂರು ಭಾಷೆಯಲ್ಲಿ ಬೇರೆ ಬೇರೆ ಥರ ಬರೆದಿರುತ್ತದೆ: ಮಂಜೇಶ್ವರ ಅಥವಾ ಮಂಜೇಶ್ವರಂ, ಕುಂಬಳೆ ಅಥವಾ ಕುಂಬ್ಳ. ಪಿನ್‌ಕೋಡಿನ ಮೊದಲ ಮೂರಂಕಿಯಿಂದ ಶುರುಮಾಡಿ. 671 ಕಾಸರಗೋಡಿನ ಕಡೆ, 574 ಮತ್ತು 575 ಗಡಿಯಾಚೆ. ಆಮೇಲೆ ಪಂಚಾಯತು ಮಟ್ಟಕ್ಕೆ ಇಳಿಯಿರಿ: ವರ್ಕಾಡಿ, ಮೀಂಜ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ ಹೀಗೆ. ಅದಕ್ಕಿಂತ ಕೆಳಗೆ ಬೇಡ.

ಬಂದ ದಾರಿ ಇನ್ನೂ ಮುಖ್ಯ. ನೇರ ಬಂದವರು, ಖಾಸಗಿ ಕ್ಲಿನಿಕ್ಕಿನಿಂದ ಬಂದವರು, ತಾಲೂಕು ಅಥವಾ ಜನರಲ್ ಆಸ್ಪತ್ರೆಯ ಚೀಟಿ ತಂದವರು, ಎರಡು ಕಡೆ ಇಳಿದು ಬಂದವರು. ಈ ನಾಲ್ಕನ್ನು ಒಂದೇ ಗುಂಪು ಮಾಡಿದರೆ ಏನೂ ಕಾಣುವುದಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ರಸ್ತೆಗಿಂತ ಹೆಚ್ಚು ಹೊತ್ತು ಹೋಗುವುದು ನಡುವೆ ಇಳಿಯುವ ಆಸ್ಪತ್ರೆಗಳಲ್ಲಿ. ಪ್ರತಿ ಕಡೆ ಚೀಟಿ, ಇಸಿಜಿ, ಡ್ರಿಪ್, ರೆಫರ್ ಕಾಗದ, ಮತ್ತೆ ಆಂಬ್ಯುಲೆನ್ಸಿಗೆ ಕಾಯುವುದು. ಪಾರ್ಶ್ವವಾಯುವಿಗೆ ರಕ್ತಗಟ್ಟು ಕರಗಿಸುವ ಔಷಧಿ ಕೊಡಲು ನಾಲ್ಕೂವರೆ ಗಂಟೆಯ ಗಡುವು, ಅದು ಆಸ್ಪತ್ರೆಗೆ ಬಂದಲ್ಲಿಂದ ಅಲ್ಲ, ರೋಗಿಯನ್ನು ಕೊನೆಯದಾಗಿ ಸರಿಯಾಗಿ ನೋಡಿದ ಹೊತ್ತಿನಿಂದ. ಬೆಳಿಗ್ಗೆ ಎದ್ದಾಗಲೇ ಬಾಯಿ ಸೊಟ್ಟ ಕಂಡರೆ ರಾತ್ರಿ ಮಲಗಿದ ಸಮಯವೇ ಲೆಕ್ಕ. ರೆಫರ್ ಚೀಟಿಯಲ್ಲಿ ಆ ಒಂದು ಸಾಲು ಇಲ್ಲದಿದ್ದರೆ, ಜೊತೆಗೆ ಬಂದವರು ಬೇರೆ ಯಾರೋ ಆಗಿದ್ದರೆ, ಔಷಧಿ ಇದ್ದೂ ಕೊಡಲಾಗುವುದಿಲ್ಲ.

ಹಾವು ಕಚ್ಚಿದ ಕೇಸಿನಲ್ಲೂ ಹಾಗೇ. ಎಷ್ಟು ವಯಲ್ ಪ್ರತಿವಿಷ ಕೊಟ್ಟರು, ಯಾವಾಗ ಶುರು ಮಾಡಿದರು, 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಎಷ್ಟು ಗಂಟೆಗೆ ಆಯಿತು, ಇಷ್ಟು ಚೀಟಿಯಲ್ಲಿ ಇರಲೇಬೇಕು. ಆ ಪರೀಕ್ಷೆಗೆ ಒಣಗಿದ ಹೊಸ ಗಾಜಿನ ಟ್ಯೂಬಿನಲ್ಲಿ 2 ಮಿಲಿ ರಕ್ತ, ಅಲ್ಲಾಡಿಸದೆ 20 ನಿಮಿಷ, ಆಮೇಲೆ ಬಾಗಿಸಿ ನೋಡುವುದು. ಪ್ಲಾಸ್ಟಿಕ್ ಟ್ಯೂಬಾದರೆ, ಸೋಪು ಹಾಕಿ ತೊಳೆದ ಟ್ಯೂಬಾದರೆ, ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ನಮ್ಮ ಅಡಿಕೆ, ರಬ್ಬರ್ ತೋಟಗಳಲ್ಲಿ ಮೂಗು ಉಬ್ಬಿದ ಸಣ್ಣ ಮಂಡಲದ ಹಾವು ಉಂಟು. ಭಾರತದಲ್ಲಿ ಸಿಗುವ ಪ್ರತಿವಿಷ ನಾಗರ, ಕಡಂಬಳ, ಕೊಳಕುಮಂಡಲ, ಉರಿಮಂಡಲ ಈ ನಾಲ್ಕಕ್ಕೆ ಮಾತ್ರ, ಇದಕ್ಕೆ ತಾಗುವುದಿಲ್ಲ. ಹತ್ತು ವಯಲ್ ಹೋದ ಮೇಲೂ ರಕ್ತ ಹೆಪ್ಪುಗಟ್ಟಲಿಲ್ಲ ಎಂದು ಗಡಿ ದಾಟಿ ಬರುವ ಕೇಸುಗಳಲ್ಲಿ ಇದನ್ನೂ ನೆನಪಿಡಿ. "ಹಾವು ಕಡಿತ" ಎಂಬ ಒಂದೇ ಕೋಡಿನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

108ರ ವಿಷಯ: ಗಡಿಯಲ್ಲಿ ಫೋನು ಯಾವ ಟವರ್ ಹಿಡಿಯುತ್ತದೋ ಆ ರಾಜ್ಯದ ಕೇಂದ್ರಕ್ಕೆ ಕರೆ ಹೋಗಬಹುದು. ವರ್ಕಾಡಿಯಲ್ಲಿ, ಎಣ್ಮಕಜೆಯ ಕೆಲವು ಮೂಲೆಗಳಲ್ಲಿ ಇದನ್ನು ಗಮನಿಸಬೇಕು. ಕರೆ ಮಾಡಿದವರು ಮೊದಲ ವಾಕ್ಯದಲ್ಲೇ ರಾಜ್ಯ, ಜಿಲ್ಲೆ, ಪಂಚಾಯತು ಹೇಳಬೇಕು. ನಿಮ್ಮ ದಾಖಲೆಯಲ್ಲಿ "ಆಂಬ್ಯುಲೆನ್ಸ್" ಎಂದಷ್ಟೇ ಇದ್ದರೆ 108, ಖಾಸಗಿ, ಸಂಘಸಂಸ್ಥೆಯ ವ್ಯಾನು ಬೇರ್ಪಡಿಸಿ. ರಿಕ್ಷಾ, ಜೀಪು ಕೂಡ ಬೇರೆ ಇರಲಿ.

ತೋಟ ಮತ್ತು ಗಾಯ, ಮುಳ್ಳೇರಿಯ

ತಿಂಗಳುವಾರು ಲೆಕ್ಕಕ್ಕೆ ಎರಡು ಮಾತು.

ಜೂನ್‌ನಿಂದ ಆಗಸ್ಟ್ ಅಂದ್ರೆ ಬರೀ ಡೆಂಗಿ, ಇಲಿಜ್ವರ ಅಲ್ಲ, ಅಡಿಕೆಗೆ ಮದ್ದು ಬಿಡುವ ಕಾಲ. ಕೊಳೆರೋಗಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಕಳೆದು ಇನ್ನೊಂದು ಸಲ. ಎರಡನೇ ಸಲಕ್ಕೆ ಮರ ಪಾಚಿ ಹಿಡಿದು ಜಾರ್ತದೆ. ಬಿದ್ದವರು ಹಿಮ್ಮಡಿ, ಸೊಂಟದ ಮೂಳೆ, ಮಣಿಕಟ್ಟು ಮುರಿದುಕೊಂಡು ಬರ್ತಾರೆ. ಹಿಮ್ಮಡಿ ಮುರಿದವರಿಗೆ ಬೆನ್ನುಮೂಳೆಯ ಎಕ್ಸ್‌ರೇ ತೆಗೆಯದೆ ಕಳಿಸಬಾರದು. ಕೋಡಿನಲ್ಲಿ S92.0, S32.0 ಮಾತ್ರ ಇದ್ದರೆ ಮೂಳೆ ಸಿಗ್ತದೆ, ಮರ ಸಿಗುವುದಿಲ್ಲ. ಮರದಿಂದ ಬಿದ್ದದ್ದಕ್ಕೆ W14 ಬೇರೆಯೇ ಉಂಟು, ಅದನ್ನು ಹಾಕಿದ್ದಾರಾ ನೋಡಿ, ಇಲ್ಲದಿದ್ದರೆ ಕೇಸ್‌ಶೀಟ್ ಓದಿ ತುಂಬಿಸಿ. ಲೋಹದ ದೋಟಿ ಲೈನಿಗೆ ತಾಗಿ ಕರೆಂಟ್ ಹೊಡೆದವರನ್ನೂ ಹಾಗೇ ಹುಡುಕಿ.

ಎರಡನೆಯದು ರಂಜಾನ್. ಉಪವಾಸದ ತಿಂಗಳಲ್ಲಿ ಬರುವ ಹೊತ್ತೇ ಬದಲಾಗ್ತದೆ, ಸಂಜೆ ಉಪವಾಸ ಬಿಟ್ಟ ಮೇಲೆ ಏರು. ಶುಗರ್ ಮಾತ್ರೆ ತೆಗೊಳ್ಳುವವರಲ್ಲಿ ಅಸರ್ (ಸಂಜೆಗೆ ಮುಂಚಿನ) ನಮಾಜು ಕಳೆದ ಮೇಲೆ ಶುಗರ್ ಇಳಿದು ಬರುವವರು ಉಂಟು. ಆ ತಿಂಗಳು ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರೀತದೆ. ಮಾರ್ಚಿಗೆ ಮಾರ್ಚ್ ಹೋಲಿಸಿದರೆ ತಪ್ಪು ಉತ್ತರ ಬರ್ತದೆ.

ರೆಫರಲ್ ಡೆಸ್ಕ್, ಬದಿಯಡ್ಕ

ರಜೆಯ ಪಟ್ಟಿಯೂ ಎರಡು ಬೇಕು. ಓಣಂಗೆ ಈ ಕಡೆ ಓಪಿ ಮುಚ್ಚಿದರೆ ಆ ಕಡೆ ತೆರೆದಿರುತ್ತದೆ, ನವೆಂಬರ್ 1ಕ್ಕೆ ಉಲ್ಟಾ. ಕೇರಳದಲ್ಲಿ ಹರತಾಳ ಆದ ದಿನ 671ರ ಸಂಖ್ಯೆ ಇಳಿದು ಮರುದಿನ ಏರುತ್ತದಾ ಅಂತ ನೋಡಿ, 575ರಲ್ಲಿ ಬದಲಾವಣೆ ಇರಬಾರದು. ಕೇರಳ ಸರ್ಕಾರದ ಆರ್ದ್ರಂ ಯೋಜನೆಯಡಿ ಕುಟುಂಬ ಆರೋಗ್ಯ ಕೇಂದ್ರವಾದ ಕಡೆ ಸಂಜೆ 6ರವರೆಗೆ ಓಪಿ ಇದೆ. ಆ ಪಂಚಾಯತುಗಳಿಂದ ಸಂಜೆ ಬರುವ ಹಸಿರು ಕೇಸು ಕಡಿಮೆಯಾ ಎಂಬುದು ನಿಮ್ಮ ಇಡೀ ಕೆಲಸದ ಅತ್ಯಂತ ಉಪಯುಕ್ತ ಪ್ರಶ್ನೆ ಆಗಬಹುದು. ಹಳೆಯ ವರ್ಷಗಳ ಜೊತೆ ಹೋಲಿಸುವುದಾದರೆ 2020ರ ಮಾರ್ಚ್ ಕೊನೆಯಿಂದ ಕೆಲ ತಿಂಗಳು ಹೊರಗಿಡಿ. ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದ ಕಾಲ ಅದು. ಚಿಕಿತ್ಸೆಗೆ ದಾಟಲಾಗದೆ ಇಲ್ಲಿಯವರು ಸತ್ತರು. ಆ ಸಂಖ್ಯೆ ಇಳಿದದ್ದನ್ನು "ಬೇಡಿಕೆ ಕಡಿಮೆ" ಎಂದು ಯಾರೂ ಓದಬಾರದು.

ವರ್ಕಾಡಿ ಪಬ್ಲಿಕ್ ಹೆಲ್ತ್

ಏಳನೇ ದಿನದ ಮಾದರಿ, ಎರಡು ಭಾಗ, ಸರಾಸರಿ ಮೂರನ್ನೂ ಕೈಬಿಟ್ಟೆ. ನೋಡದೆ ವಾಪಸ್ ಹೋದವರನ್ನು ಏನು ಮಾಡುವುದು?

ಎಮರ್ಜೆನ್ಸಿ ಮೆಡಿಸಿನ್, ಉಪ್ಪಳ

ಅಳಿಸಬೇಡಿ. ಚೀಟಿ ಮಾಡಿಸಿ ಡಾಕ್ಟರನ್ನು ಕಾಣದೆ ಹೋದವರು, ಸಲಹೆಗೆ ವಿರುದ್ಧವಾಗಿ ಸಹಿ ಹಾಕಿ ಹೋದವರು, ಹಣ ಅಥವಾ ಕಾರ್ಡಿನ ಕಾರಣಕ್ಕೆ ಬೇರೆ ಆಸ್ಪತ್ರೆಗೆ ಹೋದವರು, ಈ ಮೂರು ಬೇರೆ ಬೇರೆ ಕಾಲಂ. ಹಾಗೇ 72 ಗಂಟೆಯೊಳಗೆ ಮತ್ತೆ ಬಂದವರನ್ನು ಹುಡುಕಿ. ಮತ್ತೆ ಬಂದು ಅಡ್ಮಿಟ್ ಆದವರ ಮೊದಲ ಭೇಟಿಯ ಬಣ್ಣ ನೋಡಿದರೆ ಟ್ರಯಾಜ್ ಎಲ್ಲಿ ಎಡವಿತು ಎಂದು ಸಿಗುತ್ತದೆ. ಮತ್ತೆ ಬಂದಾಗ ಹೊಸ ನಂಬರ್ ಕೊಡುವ ಕಡೆ ಹೆಸರು, ವಯಸ್ಸು, ಫೋನು ಮೂರನ್ನೂ ತಾಳೆ ನೋಡಬೇಕು, ಅದನ್ನು ಆಸ್ಪತ್ರೆಯ ಒಳಗೇ ಮುಗಿಸಿ. ನಿಮ್ಮ ಕೈಗೆ ಹೆಸರು, ಫೋನು ಬರಬಾರದು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಹಳೆಯ ದಾಖಲೆಗೂ ಬೇಕು. ಸಣ್ಣ ಪಂಚಾಯತಿನಲ್ಲಿ ಒಂದು ರೋಗಕ್ಕೆ ಐದಕ್ಕಿಂತ ಕಡಿಮೆ ಕೇಸಿದ್ದರೆ ಸಂಖ್ಯೆ ಮುದ್ರಿಸಬೇಡಿ. ವಿಷ ಕುಡಿದವರ ವಿಷಯದಲ್ಲಿ ಊರಲ್ಲಿ ತಕ್ಷಣ ಗುರುತು ಸಿಗುತ್ತದೆ.

ಟ್ರಯಾಜ್ ಸಿಸ್ಟರ್, ಕುಂಬಳೆ

ಶುರು ಮಾಡುವ ಮೊದಲು ಒಂದು ದಿನ ಅಲ್ಲಿಗೆ ಹೋಗಿ ಗಡಿಯಾರಗಳನ್ನು ನೋಡಿ ಬನ್ನಿ. ಕೌಂಟರಿನ ಕಂಪ್ಯೂಟರ್, ಗೋಡೆಯ ಗಡಿಯಾರ, ಇಸಿಜಿ ಮೆಷಿನ್, ಲ್ಯಾಬ್ ಕಂಪ್ಯೂಟರ್, ನಾಲ್ಕರ ಫೋಟೋ ಒಂದೇ ನಿಮಿಷದಲ್ಲಿ ತೆಗೀರಿ. ಬ್ಯಾಟರಿ ಹೋಗಿ ಹಾಕಿದ ಇಸಿಜಿ ಮೆಷಿನಿನಲ್ಲಿ ವರ್ಷವೇ ತಪ್ಪಿರುವುದುಂಟು. ವ್ಯತ್ಯಾಸ ಎಷ್ಟು ನಿಮಿಷ ಅಂತ ಬರೆದಿಟ್ಟುಕೊಂಡು ಪ್ರತಿ ಸಮಯಕ್ಕೂ ಕೂಡಿಸಿ, ಕಳೆಯಿರಿ. 10 ನಿಮಿಷದ ಇಸಿಜಿ ಲೆಕ್ಕ ಮಾಡ್ಲಿಕ್ಕೆ ಹೊರಟವರಿಗೆ 7 ನಿಮಿಷ ತಪ್ಪಿದ ಗಡಿಯಾರ ಸಾಕು, ಉತ್ತರ ಪೂರ್ತಿ ತಿರುಗಿ ಹೋಗ್ತದೆ.